ಏನೂ ಕೇಳಿಸದ ಸಂಜೆ

ನಾನು ಒಂದು ಆಂಟೆನಾ. ಈಗಿನ ಮನೆಗಳ ಗೋಡೆಗೆ ಮೊರದ ಹಾಗೆ ನೇತುಬಿದ್ದಿರುತ್ತವಲ್ಲ, ಆ ಜಾತಿಯದಲ್ಲ. ಒಂದು ಉದ್ದನೆಯ ಅಲ್ಯೂಮಿನಿಯಂ ಕೊಳವೆ, ಅದಕ್ಕೆ ಅಡ್ಡಡ್ಡವಾಗಿ ಮೀನಿನ ಮುಳ್ಳಿನಂಥ ಕಡ್ಡಿಗಳು. ವಯಸ್ಸಾದವರಿಗೆ ನನ್ನ ಗುರುತು ತಟ್ಟನೆ ಹತ್ತುತ್ತದೆ. ಉಳಿದವರು ಬಟ್ಟೆ ಒಣಹಾಕುವ ಸ್ಟ್ಯಾಂಡು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ಅದಕ್ಕೆಲ್ಲ ಮುಖ ಸಿಂಡರಿಸುವ ಕಾಲ ನನಗೆ ಎಂದೋ ಕಳೆಯಿತು.

ಹುಟ್ಟಿದ್ದು ದಾವಣಗೆರೆಯ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿ ಕೊಳವೆ ಕತ್ತರಿಸುವವನೊಬ್ಬ, ತೂತು ಕೊರೆಯುವವನೊಬ್ಬ, ಸ್ಕ್ರೂ ಬಿಗಿಯುವವನೊಬ್ಬ. ಮೂವರೂ ದಿನವಿಡೀ ಕ್ರಿಕೆಟ್ ಕಾಮೆಂಟರಿ ಕೇಳುತ್ತ ಕೆಲಸ ಮಾಡುತ್ತಿದ್ದರು. ನನಗೆ ತೂತು ಕೊರೆಯುವ ಹೊತ್ತಿನಲ್ಲಿ ಯಾರದೋ ವಿಕೆಟ್ ಬಿದ್ದಿರಬೇಕು, ನನ್ನ ಒಂದು ಕಡ್ಡಿ ತುಸು ಓರೆಯಾಗಿಯೇ ಕೂತಿತು. ಆಮೇಲೆ ನಮ್ಮನ್ನೆಲ್ಲ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿ, ಲಾರಿಗೆ ಹಾಕಿ ಚಳ್ಳಕೆರೆಗೆ ಕಳಿಸಿದರು.

ನನ್ನನ್ನು ಕೊಂಡವರು ಸಿದ್ದಬಸಪ್ಪನವರು. ಅಲ್ಲಿನ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತರು. ಅವರ ತಾರಸಿಯ ಮೇಲೆ ನನ್ನನ್ನು ನಿಲ್ಲಿಸಿದ ದಿನ ಕೆಳಗೆ ಅರ್ಧ ಕೇರಿ ಸೇರಿತ್ತು. ಸಿದ್ದಬಸಪ್ಪನವರು ಪಂಚೆ ಎತ್ತಿಕಟ್ಟಿ, ನನ್ನ ಕಂಬವನ್ನು ತಬ್ಬಿ, ಅಷ್ಟಷ್ಟೇ ತಿರುಗಿಸುತ್ತ ಕೇಳುತ್ತಿದ್ದರು.

"ಈಗ ಬಂತೇನೇ?"

"ಬಂತು ಬಂತು. ಅಯ್ಯೋ, ಹೋತು ರೀ. ಹಂಗೇ ಹಿಂದಕ್ಕೆ ತಿರುಗಿಸ್ರಿ," ಎಂದು ಅವರ ಹೆಂಡತಿ ಒಳಗಿನಿಂದ ಹೇಳುತ್ತಿದ್ದರು.

ಆ ಭಾನುವಾರಗಳ ವೈಭವ ಏನು ಹೇಳಲಿ. ದೇವರ ಕಥೆಯ ಧಾರಾವಾಹಿ ಬಂತೆಂದರೆ ಕೆಳಗೆ ಕೂತವರೆಲ್ಲ ಟಿ.ವಿ.ಗೆ ಕೈ ಮುಗಿಯುತ್ತಿದ್ದರು. ಗಾಳಿಯಲ್ಲಿ ಹರಿದು ಬರುವುದನ್ನು ಹಿಡಿದು ಕೊಡುತ್ತಿದ್ದವನು ನಾನು, ನನಗೆ ಕೈ ಮುಗಿದವರು ಯಾರೂ ಇಲ್ಲ. ಕಾಗೆಗಳು ಮಾತ್ರ ನನ್ನನ್ನು ಮರೆಯಲಿಲ್ಲ, ಅವು ಕೊಟ್ಟ ಕಾಣಿಕೆಯನ್ನು ಇಲ್ಲಿ ಬರೆಯುವುದು ಬೇಡ. ಆಮೇಲೆ ಕೇಬಲ್ ಬಂತು. ಒಂದೇ ಬೇಸಿಗೆಯಲ್ಲಿ ಕೇರಿಯ ತಾರಸಿಗಳೆಲ್ಲ ಬೋಳಾದವು. ಸಿದ್ದಬಸಪ್ಪನವರು ಒಳ್ಳೆಯವರು, ಬಹಳ ದಿನ ನನ್ನನ್ನು ಕೀಳಿಸಲಿಲ್ಲ. ಮನೆಗೆ ಸುಣ್ಣ ಬಳಿಸುವಾಗ ಅಡ್ಡ ಬಂದೆನೆಂದು ಕೊನೆಗೆ ಗುಜರಿಯವನಿಗೆ ಹಾಕಿದರು.

ಗುಜರಿ ಅಂಗಡಿಯಲ್ಲಿ ಮುರುಕು ಕೊಡ, ಸೊಟ್ಟ ರಿಮ್ಮುಗಳ ನಡುವೆ ಬಿದ್ದುಕೊಂಡಿದ್ದೆ. ನನ್ನ ಕಥೆ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಒಂದು ದಿನ ತೆಳ್ಳಗಿನ ಮನುಷ್ಯನೊಬ್ಬ ಬಂದು ನನ್ನನ್ನು ಎಳೆದು, ಬೆರಳಲ್ಲಿ ಬಡಿದು, ಒರೆಸಿ ನೋಡಿದ. ಅವನೇ ತಿಪ್ಪೇಶ. ತುಪ್ಪದಹಟ್ಟಿಯ ಪಕ್ಕದ ಹುಲ್ಲುಗಾವಲಿನಲ್ಲಿದ್ದ ರೇಡಿಯೋ ದೂರದರ್ಶಕ ಕೇಂದ್ರದ ಮೆಕ್ಯಾನಿಕ್.

ಆ ಕೇಂದ್ರವನ್ನು ಊರಿನವರು ತಂತಿ ತೋಟ ಅನ್ನುತ್ತಿದ್ದರು. ಬಯಲಿನಲ್ಲಿ ಸಾಲುಸಾಲಾಗಿ ಕಂಬಗಳು, ಕಂಬದಿಂದ ಕಂಬಕ್ಕೆ ತಂತಿಗಳು. ಎಲ್ಲವೂ ಆಕಾಶದ ಕಡೆ ಮುಖ ಮಾಡಿ ನಿಂತ ನನ್ನ ದಾಯಾದಿಗಳೇ. ನಕ್ಷತ್ರಗಳು ಬೆಳಕಿನ ಹಾಗೆಯೇ ರೇಡಿಯೋ ಅಲೆಗಳನ್ನೂ ಹೊರಡಿಸುತ್ತವಂತೆ. ಬಹಳ ಕ್ಷೀಣವಾದ ಅಲೆಗಳು. ಪಕ್ಕದಲ್ಲಿ ಒಂದು ಮೋಟಾರು ಕಿಡಿ ಹಾರಿಸಿದರೂ ಸಾಕು, ಆಕಾಶದ ಮಾತು ಅದರಲ್ಲಿ ಮುಳುಗಿಹೋಗುತ್ತದೆ. ಅದಕ್ಕಾಗಿ ಕೇಂದ್ರ ಬಂದಾಗಲೇ ಊರಿನವರ ಜೊತೆ ಒಪ್ಪಂದವಾಗಿತ್ತು. ಹತ್ತಿರದಲ್ಲಿ ವೆಲ್ಡಿಂಗ್ ಅಂಗಡಿ ಕೂಡದು, ಮೊಬೈಲ್ ಟವರ್ ಕೂಡದು, ಇರುವ ಮೋಟಾರುಗಳು ಕೇಂದ್ರಕ್ಕೆ ಕೇಳಿಸುವಷ್ಟು ಕಾಟ ಕೊಡದಿದ್ದರೆ ಇರಬಹುದು, ಕೊಟ್ಟರೆ ಊರಾಚೆಯ ಗುಡ್ಡ ದಾಟಿ ಹೋಗಬೇಕು.

ಕಾಟ ಕೊಡುವವರನ್ನು ಹುಡುಕುವುದು ತಿಪ್ಪೇಶನ ಕೆಲಸ. ಅದಕ್ಕೆ ಅವನಿಗೆ ನಾನು ಬೇಕಾಗಿದ್ದೆ. ನನ್ನ ಕಡ್ಡಿಗಳನ್ನು ಅಳತೆಗೆ ಕತ್ತರಿಸಿದ. ನೋವಾಗಲಿಲ್ಲ ಅಂತ ಸುಳ್ಳು ಹೇಳಲಾರೆ. ಹಿಂದೆ ಒಂದು ಹಿಡಿ ಕೂರಿಸಿ, ವೈರು ಎಳೆದು ಸಣ್ಣ ರೇಡಿಯೋಗೆ ಜೋಡಿಸಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡ. ನಾನು ಯಾವ ದಿಕ್ಕಿಗೆ ಮುಖ ಮಾಡುತ್ತೇನೋ ಆ ದಿಕ್ಕಿನ ಸದ್ದು ಜೋರಾಗಿ ಕೇಳುತ್ತದೆ. ತಾರಸಿಯ ಮೇಲೆ ಬೊಂಬಾಯಿ ಡೆಲ್ಲಿ ಹಿಡಿಯುತ್ತಿದ್ದವನು ಈಗ ಊರೂರು ಅಲೆದು ಕಳ್ಳ ಸದ್ದು ಹಿಡಿಯಲು ಹೊರಟೆ. ದೇವಸ್ಥಾನದ ಟ್ಯೂಬ್‌ಲೈಟಿನ ಕೆಟ್ಟ ಚೋಕು ನಾನೇ ಹಿಡಿದದ್ದು. ಟ್ರಾನ್ಸ್‌ಫಾರ್ಮರಿನ ಸಡಿಲ ತಂತಿಯೂ ಅಷ್ಟೇ. ನಮ್ಮ ಅಡುಗೆಯವನ ಸೀಮೆಸುಣ್ಣದ ಬಣ್ಣದ ಮಿಕ್ಸಿಯನ್ನು ಹಿಡಿದುಕೊಟ್ಟ ದಿನ ಕೇಂದ್ರದವರಿಗೆಲ್ಲ ಚಟ್ನಿ ಇಲ್ಲದ ದೋಸೆ.

ಹೀಗೆ ಸುಖವಾಗಿದ್ದಾಗ ವಾರಿಜಾ ಮೇಡಂ ಬಂದರು. ಆಕಾಶಗಂಗೆಯ ನಡುಭಾಗವನ್ನು ಕೇಳುವುದು ಅವರ ಕೆಲಸ. ನಮ್ಮ ಸೂರ್ಯ, ನಾವು, ಕಣ್ಣಿಗೆ ಕಾಣುವ ನಕ್ಷತ್ರಗಳೆಲ್ಲ ಯಾವ ದೊಡ್ಡ ಗುಂಪಿಗೆ ಸೇರಿದ್ದೇವೋ ಅದರ ಹೊಕ್ಕುಳು ಅದು. ತಂತಿ ತೋಟದ ಕಂಬಗಳು ಅಲುಗುವಂಥವಲ್ಲ, ಹಾಗಾಗಿ ಆ ಭಾಗ ದಕ್ಷಿಣದ ಆಕಾಶದಲ್ಲಿ ಎತ್ತರಕ್ಕೆ ಬಂದಾಗ ಮಾತ್ರ ಕೇಳಬೇಕು. ಆ ದಿನಗಳಲ್ಲಿ ಅದು ಸಂಜೆಯ ಹೊತ್ತಿಗೆ ಬರುತ್ತಿತ್ತು.

ಒಂದು ಸಂಜೆ ಅವರ ಪರದೆಯ ಮೇಲೆ ಏನೋ ಎದ್ದಿತು. ಇದ್ದಕ್ಕಿದ್ದಂತೆ ಒಂದು ಅಲೆ ಏರಿ, ಹತ್ತು ನಿಮಿಷ ಹಾಗೇ ನಿಂತು, ಮೆಲ್ಲಗೆ ಇಳಿದುಹೋಯಿತು. ಮಾರನೆಯ ದಿನ ಇಲ್ಲ. ಆಮೇಲೊಂದು ದಿನ ಮತ್ತೆ ಬಂತು, ಅದೇ ಆಕಾರ, ಅದೇ ಹೊತ್ತು. ಗೊತ್ತಿರುವ ಯಾವ ನಕ್ಷತ್ರವೂ ಹಾಗೆ ಆಡುವುದಿಲ್ಲವಂತೆ. ಮೇಡಂ ಊಟ ಬಿಟ್ಟರು, ಮಾತು ಬಿಟ್ಟರು, ತಲೆ ಬಾಚುವುದನ್ನೂ ಒಂದೊಂದು ದಿನ ಬಿಟ್ಟರು.

ಕೇಂದ್ರದ ಮುಖ್ಯಸ್ಥರು ಅನಂತಶಯನ ಸಾಹೇಬರು. ಕೆಟ್ಟವರಲ್ಲ, ಆದರೆ ಅನುಮಾನವೇ ಅವರ ಕಸುಬು. ಅವರು ಪರದೆ ನೋಡಿ ಹೇಳಿದರಂತೆ, "ವಾರಿಜಾ, ಹತ್ತು ನಿಮಿಷ ಅಂದ್ರೆ ಒಂದು ಡಬ್ಬಿ ಜೋಳ ಬೀಸೋವಷ್ಟು ಹೊತ್ತು. ಮೊದಲು ನೆಲ ನೋಡಿ, ಆಮೇಲೆ ಆಕಾಶ."

ನೆಲ ನೋಡುವುದು ಎಂದರೆ ನಾನು. ತಿಪ್ಪೇಶ ನನ್ನನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟ. ಹುಲ್ಲುಗಾವಲು ದಾಟಿ ತುಪ್ಪದಹಟ್ಟಿಯ ಮೊದಲ ಮನೆಯ ಹತ್ತಿರ ನನ್ನ ಮುಖ ತಿರುಗಿದ್ದೇ ತಡ, ಹೆಡ್‌ಫೋನಿನಲ್ಲಿ ಚರಚರ ಎಂದು ಕಿಡಿ ಹಾರುವ ಸದ್ದು. ಎದುರಿಗೆ ಹೊನ್ನೂರಮ್ಮನ ಹಿಟ್ಟಿನ ಗಿರಣಿ. ಒಳಗೆ ಬೆಲ್ಟು ತಿರುಗುತ್ತಿತ್ತು, ಹೊನ್ನೂರಮ್ಮ ರೆಪ್ಪೆಯ ತನಕ ಹಿಟ್ಟು ಮೆತ್ತಿಕೊಂಡು ಡಬ್ಬಿಗೆ ಜೋಳದ ಹಿಟ್ಟು ಹಿಡಿಯುತ್ತಿದ್ದಳು. ಸಂಜೆ ಊರಿಗೆ ತ್ರೀ ಫೇಸ್ ಕರೆಂಟು ಬರುವುದು, ಗಿರಣಿ ನಡೆಯುವುದು, ಆಕಾಶಗಂಗೆಯ ನಡುಭಾಗ ಮೇಲೆ ಬರುವುದು, ಮೂರೂ ಒಂದೇ ಹೊತ್ತಿಗೆ.

ನಾನು ಕೇಳಿಸಿಕೊಂಡದ್ದು ನಿಜ. ಕಿಡಿ ಇತ್ತು. ಆದರೆ ಮೇಡಂ ಪರದೆಯ ಮೇಲಿನದು ಆ ಕಿಡಿಯೇ ಎಂದು ನಾನೆಲ್ಲಿ ಹೇಳಿದೆ? ನನ್ನ ಮಾತನ್ನು ಅರ್ಧ ಕೇಳಿ ಉಳಿದರ್ಧ ಅವರೇ ಸೇರಿಸಿಕೊಂಡರು.

ಹೊನ್ನೂರಮ್ಮನನ್ನು ಕೇಳಿಕೊಂಡು ಒಂದು ಸಂಜೆ ಗಿರಣಿ ನಿಲ್ಲಿಸಿ ನೋಡಿದರು. ಅವತ್ತು ಪರದೆಯ ಮೇಲೆ ಏನೂ ಏಳಲಿಲ್ಲ.

"ಗಿರಣಿ ನಿಂತಿತು, ಅದೂ ನಿಂತಿತು," ಎಂದರು ಸಾಹೇಬರು.

"ಅದು ದಿನಾ ಬರೋದಿಲ್ಲ ಸರ್," ಎಂದರು ಮೇಡಂ. "ಇನ್ನೊಂದಿಷ್ಟು ದಿನ ನೋಡೋಣ."

"ನೋಡಿದ್ರೂ ಅಷ್ಟೇ. ಗಿರಣಿ ನಿಂತಾಗ ಬಂದ್ರೆ ಪಕ್ಕದ ಊರಿನ ಪಂಪ್‌ಸೆಟ್ಟು ಅಂತಾರೆ. ಅದನ್ನೂ ನಿಲ್ಲಿಸಿದ್ರೆ ಇನ್ನೊಂದು ಊರಿನ ಕಬ್ಬಿನ ಗಾಣ. ಸುತ್ತಮುತ್ತಲ ಮೋಟಾರೆಲ್ಲ ಒಟ್ಟಿಗೆ ನಿಲ್ಲೋ ದಿನ ಯಾವುದಿದೆ ಹೇಳಿ. ಸದ್ಯಕ್ಕೆ ಕಿಡಿ ಹಾರಿಸ್ತಿರೋದು ಗಿರಣಿ. ಒಪ್ಪಂದದ ಪ್ರಕಾರ ಅದು ಗುಡ್ಡದಾಚೆ ಹೋಗಬೇಕು."

ಇಷ್ಟು ಹೇಳಿ ಅವರು ಕನ್ನಡಕ ಒರೆಸಿಕೊಂಡರು. ಆ ಕೋಣೆಯಲ್ಲಿದ್ದ ಯಾರಿಗೂ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಮೂಲೆಯಲ್ಲಿ ಒರಗಿದ್ದ ನನಗೂ ಹೊಳೆಯಲಿಲ್ಲ, ಆದರೆ ನನ್ನನ್ನು ಯಾರೂ ಕೇಳಿರಲೂ ಇಲ್ಲ.

ಸುದ್ದಿ ಹೇಳಲು ಮೇಡಂ ತಾವೇ ಹೋದರು. ತಿಪ್ಪೇಶ ನನ್ನನ್ನು ಹಿಡಿದು ಹಿಂದೆ ನಿಂತ. ಹೊನ್ನೂರಮ್ಮ ಬೆಲ್ಟು ಕಳಚಿ, ಸೆರಗಿನಿಂದ ಮುಖ ಒರೆಸಿಕೊಂಡು ಎಲ್ಲ ಕೇಳಿದಳು. ಜಗಳವಾಡುತ್ತಾಳೆ ಎಂದು ತಿಪ್ಪೇಶ ಹೆದರಿದ್ದ, ಆಕೆಯ ಬಾಯಿ ಅಂಥದ್ದೇ. ಅವತ್ತು ಆಕೆ ಗಲಾಟೆ ಮಾಡಲಿಲ್ಲ.

"ಗುಡ್ಡದಾಚೆ ಇಟ್ಕಂಡ್ರೆ ಯಾರು ಬರ್ತಾರೆ ಮೇಡಮ್ಮಾರೆ? ತಲೆ ಮ್ಯಾಲೆ ಜೋಳ ಹೊತ್ಕಂಡು ಗುಡ್ಡ ಹತ್ತೋ ಬದ್ಲು ಬಸ್ ಹತ್ತಿ ಚಳ್ಳಕೆರೀಗೆ ಹೋಗ್ತಾರೆ," ಎಂದಳು. "ಎಣ್ಣೆ ಮಿಲ್ಲಿನಾಗೆ ಸೇಂಗಾ ಆರಿಸ್ತಿದ್ದಾಗ ನನ್ನ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ಏ ಇವಳೇ ಅಂತಿದ್ರು. ಈ ಮಿಷನ್ ಹಾಕಿದ ಮ್ಯಾಲೆ ಸುತ್ತಲ ಹಳ್ಳಿಯೋರು ಗಿರಣಿ ಹೊನ್ನೂರಮ್ಮ ಅಂತಾರೆ. ಅದು ಹೋದ್ರೆ ನಾನು ಮತ್ತೆ ಇವಳೇ."

ಮೇಡಂ ಪಾಡೂ ಅದೇ ಆಗಿತ್ತು. ಆ ಅಲೆ ಗಿರಣಿಯದೇ ಆದರೆ ಹೊನ್ನೂರಮ್ಮ ಗುಡ್ಡದಾಚೆ, ಮೇಡಂ ಅಷ್ಟು ದಿನ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಆಕಾಶದ್ದಾದರೆ ಇಬ್ಬರೂ ಉಳಿಯುತ್ತಾರೆ. ಆದರೆ ತೋರಿಸುವುದು ಹೇಗೆ?

"ಒಂದು ಕೇಳ್ಕಂತೀನಿ," ಎಂದಳು ಹೊನ್ನೂರಮ್ಮ. "ಆಯುಧ ಪೂಜೆ ತನಕ ಬಿಡ್ರಿ. ಅವತ್ತು ಹೆಂಗೂ ನಿಲ್ಸೋದೇ. ಮಿಷನ್‌ಗೆ ಪೂಜೆ ಮಾಡಿ, ಕೈ ಮುಗಿದು, ಆಮ್ಯಾಲೆ ಬಿಚ್ಚಿಸ್ತೀನಿ. ಪೂಜೆ ಇಲ್ದೆ ಕೀಳಬ್ಯಾಡ್ರಿ."

ಮೇಡಂ ಅಲ್ಲೇ ಇದ್ದ ಜೋಳದ ಚೀಲದ ಮೇಲೆ ಕೂತುಬಿಟ್ಟರು.

"ಅವತ್ತು ಊರಲ್ಲಿ ಯಾವ ಮೋಟಾರೂ ನಡೆಯೋದಿಲ್ವಾ?"

"ಯಾವ್ದೂ ಇಲ್ಲ. ಪಂಪು ಇಲ್ಲ, ಗಾಣ ಇಲ್ಲ. ಸುತ್ತ ಹತ್ತೂರಾಗೆ ಆಯುಧ ಮುಟ್ಟೋರು ಯಾರೈದಾರೆ?"

"ತಿಪ್ಪೇಶ, ಹೋದ ವರ್ಷ ಆಯುಧ ಪೂಜೆ ದಿನ ನಮ್ಮ ಪರದೆಯಲ್ಲಿ ಏನು ಕಾಣಿಸಿತ್ತು?"

ತಿಪ್ಪೇಶ ತಲೆ ಕೆರೆದುಕೊಂಡ. "ಅವತ್ತು ನಮ್ದೂ ಆಫ್ ಮಾಡ್ತೀವಲ್ಲ ಮೇಡಂ. ಪೂಜೆ ಮಾಡೋನು ನಾನೇ."

ಅದೇ ಆದದ್ದು ನೋಡಿ. ವರ್ಷದಲ್ಲಿ ಒಂದೇ ಒಂದು ದಿನ ನಾಡಿಗೆ ನಾಡೇ ಸದ್ದಡಗಿಸಿ ಕೂರುತ್ತದೆ. ಆಕಾಶ ಕೇಳುವವರಿಗೆ ಅದಕ್ಕಿಂತ ಒಳ್ಳೆಯ ದಿನ ಬೇಕೆ? ಕೇಂದ್ರ ಶುರುವಾದಾಗಿನಿಂದ ಪ್ರತಿ ವರ್ಷ ಆ ದಿನ ಇವರೂ ಎಲ್ಲ ಪೆಟ್ಟಿಗೆಗಳಿಗೆ ವಿಭೂತಿ, ಕುಂಕುಮ ಹಚ್ಚಿ, ಚೆಂಡುಹೂವು ಮುಡಿಸಿ, ಸ್ವಿಚ್ಚು ಆರಿಸಿ, ಮಂಡಕ್ಕಿ ಹಂಚಿಕೊಂಡು ಮನೆಗೆ ಹೋಗುತ್ತಿದ್ದರು. ದೊಡ್ಡ ದೊಡ್ಡ ಡಿಗ್ರಿಯವರು ಹತ್ತಾರು ಜನ ಬಂದು ಹೋಗಿದ್ದಾರೆ, ಅವರೂ ಮಂಡಕ್ಕಿ ತಿಂದು ಸುಮ್ಮನಿದ್ದವರೇ. ಆ ದಿನ ಕೆಲಸ ನಿಲ್ಲುವುದು ಎಲ್ಲರಿಗೂ ಉಸಿರಾಟದಷ್ಟು ಸಹಜವಾಗಿತ್ತು, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈ ಸಲ ಪೂಜೆಯ ದಿನ ಕೇಂದ್ರ ಆರಿಸದೆ ಆಕಾಶ ಕೇಳೋಣ ಎಂಬ ಮೇಡಂ ಮಾತಿಗೆ ಸಾಹೇಬರು ಒಪ್ಪಿದರು. ತಾವೇ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವರಿಗೂ ಸಂತೋಷವೇ. ಒಪ್ಪದವನು ತಿಪ್ಪೇಶ.

"ಪೂಜೆ ದಿನ ಮಿಷನ್ ನಡೆಸಬಾರದು ಮೇಡಂ. ನಮ್ಮಪ್ಪ ಅವತ್ತು ಕುಡುಗೋಲು ಮುಟ್ಟಿದೋನಲ್ಲ. ಏನಾದ್ರೂ ಹೆಚ್ಚುಕಡಿಮೆ ಆದ್ರೆ ಯಾರು ಹೊಣೆ?"

ಮೇಡಂ ವಿಜ್ಞಾನ ಹೇಳಿದರು. ಸಾಹೇಬರು ಆರ್ಡರ್ ಹಾಕುತ್ತೇನೆಂದರು. ತಿಪ್ಪೇಶ ಜಗ್ಗಲಿಲ್ಲ. ಅವನಿಲ್ಲದೆ ನನ್ನನ್ನು ಹಿಡಿಯುವವರು ಬೇರೆ ಯಾರೂ ಇರಲಿಲ್ಲ. ಕೊನೆಗೆ ಹೊನ್ನೂರಮ್ಮನೇ ಅವನ ಮನೆ ಬಾಗಿಲಿಗೆ ಬಂದಳು. ನಾನು ಅವನ ಜಗುಲಿಯ ಮೇಲೆ ಒರಗಿದ್ದೆ.

"ಅಲ್ಲಪ್ಪ ತಿಪ್ಪೇಶ, ನಿಮ್ಮ ಮಿಷನ್ನು ಬೀಸ್ತೈತಾ?"

"ಇಲ್ಲಕ್ಕ."

"ಕೊಯ್ತೈತಾ? ಕೊರೀತೈತಾ?"

"ಅದೆಲ್ಲ ಇಲ್ಲ. ಸುಮ್ನೆ ಕೇಳಿಸ್ಕಂತೈತೆ."

"ಮತ್ತೆ ಪೂಜೆ ದಿನ ನೀನು ಕಿವೀಗೂ ಕುಂಕುಮ ಇಟ್ಟು, ಹತ್ತಿ ತುರುಕ್ಕಂಡು ಕುಂತ್ಕಂತೀಯಾ? ಹಂಗಾದ್ರೆ ಮಂಗಳಾರತಿ ಗಂಟೆ ಹೆಂಗೆ ಕೇಳ್ತೈತೋ?"

ತಿಪ್ಪೇಶ ನನ್ನನ್ನು ಎತ್ತಿ, ಕಡ್ಡಿಗಳ ಧೂಳು ಒರೆಸಿದ. ಆಮೇಲೆ ಒಳಗೆ ಹೋಗಿ ಹೆಂಡತಿಗೆ, ಪೂಜೆಯನ್ನು ಬೆಳಿಗ್ಗೆಯೇ ಮುಗಿಸಬೇಕು, ಸಂಜೆ ಕೆಲಸವಿದೆ ಎಂದ.

ಆಯುಧ ಪೂಜೆಯ ದಿನ ನನಗೂ ಕುಂಕುಮವಿಟ್ಟರು. ನನ್ನ ಓರೆ ಕಡ್ಡಿಗೆ ಒಂದು ಚೆಂಡುಹೂವು. ಹೊನ್ನೂರಮ್ಮ ಗಿರಣಿಯನ್ನು ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದಳು. ಆಮೇಲೆ ಮೇನ್‌ಬೋರ್ಡಿನ ಫ್ಯೂಸುಗಳನ್ನು ಕಿತ್ತು ತಂದು, ಅವಕ್ಕೂ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟಳು. ಇನ್ನು ಯಾರೂ ಗಿರಣಿ ನಡೆಯಿತು ಅನ್ನುವ ಹಾಗಿರಲಿಲ್ಲ.

ಇಳಿಹೊತ್ತಿಗೆ ತಿಪ್ಪೇಶ ನನ್ನನ್ನು ಹಿಡಿದು ಗಿರಣಿಯ ತಾರಸಿ ಹತ್ತಿದ. ಅಲ್ಲಿ, ತಂತಿ ತೋಟದ ಕೋಣೆಯಲ್ಲಿ, ಮೇಡಂ ಪರದೆಯ ಮುಂದೆ ಕೂತಿದ್ದರು. ಆಕಾಶದಲ್ಲಿ ಏನು ಬಂದರೂ ದೊಡ್ಡ ಕಂಬಗಳು ಹಿಡಿಯುತ್ತವೆ. ಅದೇ ಹೊತ್ತಿನಲ್ಲಿ ನೆಲದ ಮೇಲೆ ಏನಾದರೂ ಸದ್ದು ಮಾಡಿತೇ ಎಂದು ನೋಡುವುದು ನನ್ನ ಪಾಲು. ತಿಪ್ಪೇಶ ನಾಲ್ಕೂ ದಿಕ್ಕಿಗೆ ನನ್ನನ್ನು ತಿರುಗಿಸುತ್ತಲೇ ಇದ್ದ. ಹೂವಿನ ಹಾರ ಹಾಕಿಕೊಂಡ ಟ್ರ್ಯಾಕ್ಟರೊಂದು ರಸ್ತೆಯಲ್ಲಿ ಹೋಯಿತು, ಕೇಳಿಸಿತು, ದೂರವಾಯಿತು. ಒಂದು ಬೈಕು ಹೋಯಿತು. ಬಂದು ಹೋದದ್ದನ್ನೆಲ್ಲ ತಿಪ್ಪೇಶ ಗಡಿಯಾರ ನೋಡಿ ನೆನಪಿಟ್ಟುಕೊಂಡ. ಆಮೇಲೆ ಏನೂ ಇಲ್ಲ.

ಅಂಥ ನಿಶ್ಶಬ್ದವನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಆದರೆ ಭಯವೂ ಆಗುತ್ತಿತ್ತು. ಈ ಸಂಜೆ ಆಕಾಶವೂ ಸುಮ್ಮನಿದ್ದುಬಿಟ್ಟರೆ? ಹಿಂದಿನ ಸಲದ ಹಾಗೆಯೇ ಆಗುತ್ತದೆ. ಗಿರಣಿ ನಿಂತಿತು, ಅದೂ ನಿಂತಿತು ಅನ್ನುತ್ತಾರೆ, ಮುಗಿಯಿತು. ಕೆಳಗೆ ಮೆಟ್ಟಿಲ ಮೇಲೆ ಹೊನ್ನೂರಮ್ಮ ಮಂಡಕ್ಕಿಯ ಮೊರ ಹಿಡಿದು ಕೂತಿದ್ದಳು. ಬಂದವರಿಗೆ ಕೊಡಲೂ ಮರೆತು ಮೊರದಲ್ಲಿ ಬೆರಳಾಡಿಸುತ್ತಿದ್ದಳು.

ಕೇಂದ್ರದ ಹತ್ತಿರ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ ಅಲ್ಲಿನ ಸುದ್ದಿ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಬರಬೇಕು. ಬಿಸಿಲು ಕೆಂಪಾಗುವ ಹೊತ್ತಿಗೆ ಹುಲ್ಲಿನ ನಡುವೆ ಒಂದು ಸೈಕಲ್ ಬರುವುದು ಕಂಡಿತು. ಮೇಡಂ. ತಿಪ್ಪೇಶ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಕೆಳಗಿಳಿದ. ಮೇಡಂ ಮುಖದಿಂದ ಏನೂ ಗೊತ್ತಾಗಲಿಲ್ಲ. ತಾವು ಕಂಡದ್ದನ್ನು ಮೊದಲೇ ಹೇಳಿದರೆ ತಿಪ್ಪೇಶ ಅದಕ್ಕೆ ತಕ್ಕ ಹಾಗೆ ಹೇಳಿಬಿಟ್ಟಾನು ಎಂಬ ಎಚ್ಚರ ಅವರದು.

"ತಿಪ್ಪೇಶ, ಐದು ಗಂಟೆ ಆದಮೇಲೆ ಏನಾದ್ರೂ ಕೇಳಿಸಿತಾ?"

"ಐದಕ್ಕೆ ಮುಂಚೆ ಒಂದು ಟ್ರ್ಯಾಕ್ಟರು, ಒಂದು ಬೈಕು. ಆಮೇಲೆ ಏನೂ ಇಲ್ಲ ಮೇಡಂ."

"ಚೂರೂ ಇಲ್ವಾ?"

"ಚೂರೂ ಇಲ್ಲ. ನಾಲ್ಕೂ ದಿಕ್ಕು ನೋಡ್ದೆ. ಒಂದು ಕಿಡಿ ಇಲ್ಲ."

ಮೇಡಂ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದರು. ಎರಡು ಸಲ ಸ್ಟ್ಯಾಂಡು ತಪ್ಪಿತು. ಆಮೇಲೆ ಹೊನ್ನೂರಮ್ಮನ ಪಕ್ಕ ಮೆಟ್ಟಿಲ ಮೇಲೆ ಕೂತು ಹೇಳಿದರು.

"ನಮಗೆ ಬಂತು ಕಣಮ್ಮ. ಐದೂಕಾಲಿಗೆ. ಅದೇ ಆಕಾರ, ಪೂರ್ತಿ ಹತ್ತು ನಿಮಿಷ. ಅದು ನಿಮ್ಮದಲ್ಲ. ಈ ಊರಿನ ಯಾರದ್ದೂ ಅಲ್ಲ."

ಹೊನ್ನೂರಮ್ಮ ಮೊರವನ್ನು ಕೆಳಗಿಟ್ಟಳು. ಅಳುತ್ತಾಳೆ ಅಂದುಕೊಂಡೆ. ಉಸಿರೊಂದನ್ನು ಎಳೆದು ಬಿಟ್ಟಳು, ಅಷ್ಟೇ. ಅಷ್ಟು ದೊಡ್ಡ ಉಸಿರು ಅಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದಳೋ. ತಿಪ್ಪೇಶನೂ ನನ್ನನ್ನು ಗೋಡೆಗೆ ಒರಗಿಸಿ ಪಕ್ಕದಲ್ಲಿ ಕೂತ. ನನ್ನ ಕಡ್ಡಿ ಕಡ್ಡಿಯೂ ಹಗುರವಾಯಿತು.

"ಮತ್ತೆ ಯಾರದ್ದದು?" ಎಂದು ಹೊನ್ನೂರಮ್ಮ ಕೇಳಿದಳು.

"ಗೊತ್ತಿಲ್ಲ. ಆಕಾಶಗಂಗೆಯ ನಡುಭಾಗದ ಕಡೆಯಿಂದ ಬರ್ತಿದೆ. ಅಲ್ಲಿಂದಲೇ ಹೊರಟಿದ್ದರೆ ಹೊರಟು ಇಪ್ಪತ್ತಾರು ಸಾವಿರ ವರ್ಷ ಆಗಿದೆ. ಇವತ್ತು ಮುಟ್ಟಿತು."

ಹೊನ್ನೂರಮ್ಮ ಮೇಡಂ ಮುಖವನ್ನು ದಿಟ್ಟಿಸಿ ನೋಡಿದಳು. "ಅಷ್ಟು ವರ್ಷದ ಹಿಂದೆ ಯಾರೋ ಏನೋ ಮಾಡಿದ್ದಕ್ಕೆ ನನ್ನ ಗಿರಣಿ ಮ್ಯಾಲೆ ಕಂಪ್ಲೇಂಟ್ ಹಾಕಿದ್ರಾ ಮೇಡಮ್ಮಾರೆ?"

ಮೇಡಂ ನಕ್ಕರು. ನಗುತ್ತ ನಗುತ್ತ ಅವರ ಕಣ್ಣಲ್ಲಿ ನೀರು ಬಂತು. ತಿಪ್ಪೇಶನೂ ನಕ್ಕ. ಮಂಡಕ್ಕಿ ಅಲ್ಲಿಗೆ ಮೂವರಿಗೂ ನೆನಪಾಯಿತು.

ವಾರ ಕಳೆಯುವುದರೊಳಗೆ ಸಾಹೇಬರು ಗಿರಣಿಗೆ ತಾವೇ ಬಂದರು. ಗುಡ್ಡದ ಮಾತು ಎತ್ತಲಿಲ್ಲ. ತಿಪ್ಪೇಶನ ಕೈಯಲ್ಲಿ ಮೋಟಾರಿನಲ್ಲಿ ಸವೆದು ಕಿಡಿ ಹಾರಿಸುತ್ತಿದ್ದ ಬ್ರಷ್ ತೆಗೆಸಿ ಹೊಸದು ಹಾಕಿಸಿ, ಬೆಲ್ಟಿನ ಹತ್ತಿರ ಅರ್ಥಿಂಗ್ ತಂತಿ ಎಳೆಸಿದರು. ನನ್ನನ್ನು ಹಿಡಿದು ನೋಡಿದರೆ ಕಿಡಿಯ ಸದ್ದೂ ಇಲ್ಲ. ಹೋಗುವಾಗ ಸಾಹೇಬರು ರಾಗಿ ಬೀಸಿಸಿಕೊಂಡು ಹೋದರು. ಅವರ ಮನೆಯಲ್ಲಿ ಅನ್ನವೇ ಹೆಚ್ಚು, ರಾಗಿ ಎಲ್ಲಿಂದ ತಂದರೋ ನನಗೆ ಗೊತ್ತಿಲ್ಲ.

ಚಳಿಗಾಲ ಮುಗಿದು ಸೂರ್ಯ ಆ ಭಾಗದ ಬಳಿಯಿಂದ ಸರಿದ ಮೇಲೆ ಒಂದೆರಡು ಸಲ ಆ ಅಲೆ ಕಾಣಿಸಿತಂತೆ. ಆಮೇಲೆ ನಿಂತುಹೋಯಿತು. ಅದು ಏನೆಂದು ಮೇಡಂಗೆ ಇವತ್ತಿಗೂ ಗೊತ್ತಿಲ್ಲ. ಸತ್ತ ನಕ್ಷತ್ರವೋ, ಸಾಯುತ್ತಿರುವುದೋ, ಹೆಸರೇ ಇಲ್ಲದ ಇನ್ನೇನೋ. ಅವರೀಗ ದೂರದ ಊರಿನಲ್ಲಿದ್ದಾರೆ, ಆ ಕಡೆಗೇ ಕಿವಿ ಇಟ್ಟಿದ್ದಾರೆ ಎಂದು ತಿಪ್ಪೇಶ ಹೇಳುತ್ತಿರುತ್ತಾನೆ. ತಂತಿ ತೋಟದಲ್ಲಿ ಆಯುಧ ಪೂಜೆಗೆ ಕುಂಕುಮ ಬೀಳುತ್ತದೆ, ಸ್ವಿಚ್ಚು ಆರುವುದಿಲ್ಲ.

ನನಗೂ ವಯಸ್ಸಾಯಿತು. ಕಳ್ಳ ಸದ್ದು ಹಿಡಿಯಲು ಈಗ ಪರದೆಯಿರುವ ಪುಟ್ಟ ಯಂತ್ರ ಬಂದಿದೆ, ದಿಕ್ಕನ್ನು ಅದೇ ಬರೆದು ತೋರಿಸುತ್ತದೆ. ನನ್ನನ್ನು ಮತ್ತೆ ಗುಜರಿಗೆ ಹಾಕುವ ಮಾತು ಬಂದಾಗ ಹೊನ್ನೂರಮ್ಮ ಬಂದು ಕೇಳಿ ತೆಗೆದುಕೊಂಡು ಹೋದಳು. ಗಿರಣಿಯ ಒಳಗೋಡೆಯ ಮೇಲೆ, ಬೆಲ್ಟಿಗೆ ತಾಗದಷ್ಟು ಎತ್ತರದಲ್ಲಿ ನೇತುಹಾಕಿದ್ದಾಳೆ. ಮೈತುಂಬ ಹಿಟ್ಟು ಕೂತು ನಾನೀಗ ಬೆಳ್ಳಗಾಗಿದ್ದೇನೆ. ತಾರಸಿಯ ಮೇಲಿದ್ದಾಗ ಎಷ್ಟೊಂದು ಹಿಡಿದು ಕೊಟ್ಟೆ, ಹಾಡು, ಕುಣಿತ, ವಾರ್ತೆ, ಯುದ್ಧ. ಅದರಲ್ಲಿ ಯಾವುದು ಯಾರನ್ನು ಉಳಿಸಿತೋ ಗೊತ್ತಿಲ್ಲ. ಹಿಡಿಯುವುದೇ ಆಂಟೆನಾದ ಹೆಚ್ಚುಗಾರಿಕೆ ಎಂದು ಬೀಗುತ್ತಿದ್ದೆ, ಈಗ ಹಾಗೆ ಅನ್ನಿಸುವುದಿಲ್ಲ. ಇಲ್ಲದ್ದನ್ನು ಇಲ್ಲ ಎಂದು ಹೇಳಲಿಕ್ಕೂ ಒಬ್ಬರು ಬೇಕಾಗುತ್ತದೆ.

ಹೊಸದಾಗಿ ಬಂದವರು ಹಿಟ್ಟಿಗೆ ಕಾಯುತ್ತ ಒಮ್ಮೊಮ್ಮೆ ತಲೆಯೆತ್ತಿ ನೋಡುತ್ತಾರೆ.

"ಇದೇನಕ್ಕ, ಹಳೇ ಆಂಟೆನಾ ಇಲ್ಲಿ?"

"ನನ್ನ ಕಡೆ ಸಾಕ್ಷಿ ಅದು," ಎನ್ನುತ್ತಾಳೆ ಹೊನ್ನೂರಮ್ಮ.

"ಹೌದಾ? ಏನಂತ ಹೇಳ್ತು?"

"ಏನೂ ಇಲ್ಲ ಅಂತು. ಅದಕ್ಕೇ ಗಿರಣಿ ಉಳೀತು."

ಅಷ್ಟು ಹೇಳಿ ಬೆಲ್ಟು ಹಾಕಿ, ಸ್ಟಾರ್ಟರ್ ಒತ್ತಿ, ಮುಂದಿನ ಡಬ್ಬಿ ಎತ್ತಿಕೊಳ್ಳುತ್ತಾಳೆ.